ಕೊಟ್ಟ ಕಡ್ಡಿ ಮರಳಿ ಬಂದಾಗ

ರಮಝಾನ್ ಹತ್ತಿರವಾಯಿತೆಂದರೆ ನಮ್ಮ ಮನೆಗಳಿಗೆ ಖರ್ಜೂರದ ಜೊತೆಗೆ ಅಂಜೂರದ ಒಂದು ಪೊಟ್ಟಣವೂ ಬರುತ್ತದೆ. ದಾರದಲ್ಲಿ ಪೋಣಿಸಿದ, ಒಣಗಿ ಚಪ್ಪಟೆಯಾದ ಆ ಹಣ್ಣುಗಳನ್ನು ನೀವೂ ನೀರಿನಲ್ಲಿ ನೆನೆಸಿ ಇಫ್ತಾರಿನ ತಟ್ಟೆಯಲ್ಲಿ ಇಟ್ಟಿರುತ್ತೀರಿ. ಆದರೆ ಅಂಜೂರವನ್ನು ಮರದಿಂದ ಕಿತ್ತು, ಬಿಸಿಲಿನ ಬಿಸಿ ಆರುವ ಮೊದಲೇ ತಿಂದಿದ್ದೀರಾ? ಇಲ್ಲದಿದ್ದರೆ ಬೇಸರ ಬೇಡ. ಎರಡು ಮಕ್ಕಳ ತಾಯಿಯಾಗುವವರೆಗೂ ನಾನೂ ತಿಂದಿರಲಿಲ್ಲ.

ಪವಿತ್ರ ಕುರ್‌ಆನಿನ 95ನೇ ಅಧ್ಯಾಯದ ಹೆಸರೇ ‘ಅತ್ತೀನ್’, ಅಂದರೆ ಅಂಜೂರ. ಎಂಟೇ ವಚನಗಳ ಆ ಅಧ್ಯಾಯ ಅಂಜೂರ ಮತ್ತು ಆಲಿವ್‌ನ ಮೇಲಿನ ಆಣೆಯಿಂದ ಆರಂಭವಾಗುತ್ತದೆ. ಚಿಕ್ಕವಳಿದ್ದಾಗ ಮದ್ರಸದಲ್ಲಿ ಅದನ್ನು ಬಾಯಿಪಾಠ ಮಾಡುವಾಗ ‘ಅತ್ತೀನ್’ ಎಂದರೆ ನಮ್ಮ ತೋಟದ ಅತ್ತಿ ಮರವೇ ಎಂದು ನಾನು ತಿಳಿದಿದ್ದೆ. ಉಸ್ತಾದರಿಗೆ ಹೇಳಿದಾಗ ಅವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆದರೆ ನನ್ನ ಮಾತು ತೀರಾ ತಪ್ಪಾಗಿರಲಿಲ್ಲವೆಂದು ಬಹಳ ವರ್ಷಗಳ ನಂತರ ಗೊತ್ತಾಯಿತು. ಕಾಫಿ ತೋಟಗಳಲ್ಲಿ ನೆರಳಿಗೆಂದು ಉಳಿಸಿಕೊಂಡ ಅತ್ತಿ, ಬಸರಿ, ಗೋಣಿ ಮರಗಳೂ ರಸ್ತೆ ಬದಿಯ ಆಲ, ಅರಳಿಗಳೂ ಅಂಜೂರದ ಕುಟುಂಬಕ್ಕೇ ಸೇರಿದವು. ಎಲೆ ಕಿತ್ತರೆ ಎಲ್ಲಕ್ಕೂ ಅದೇ ಬಿಳಿ ಹಾಲು.

ಕುಟುಂಬ ಒಂದೇ ಆದರೂ ಗುಣ ಬೇರೆ. ಅತ್ತಿ, ಗೋಣಿಗಳು ಮಳೆಯಲ್ಲಿ ನೆನೆದು ಕೊಬ್ಬುತ್ತವೆ. ಅಂಜೂರ ಒಣ ನಾಡಿನ ಮರ. ನಮ್ಮ ರಾಜ್ಯದಲ್ಲಿ ಅದಕ್ಕೆ ಹೆಸರಾದದ್ದು ಬಳ್ಳಾರಿಯ ಕಡೆ ಮತ್ತು ಶ್ರೀರಂಗಪಟ್ಟಣದ ಪಕ್ಕದ ಗಂಜಾಂ. ಮಹಾರಾಷ್ಟ್ರದ ಪುರಂದರ ತಾಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿತು. ಎಲ್ಲವೂ ಬಿಸಿಲಿನ ಊರುಗಳು. ನಮ್ಮ ಬಣಕಲ್ ಹೇಗಿದೆ ಎಂದು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ದಾಟಿ ಬಂದವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಮಳೆಯನ್ನು ಇಂಚಿನಲ್ಲಿ ಲೆಕ್ಕ ಹಾಕುತ್ತಾರೆ. ನೂರು ಇಂಚು ದಾಟಿದ ವರ್ಷಗಳು ನಮಗೆ ಹೊಸತಲ್ಲ. ಆರಿದ್ರಾ ಮಳೆ ಹಿಡಿದರೆ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಊರು ಇದು. ಇಂಥ ಊರಿಗೆ ಅಂಜೂರ ತಂದವರು ನನ್ನ ಬಾಪಾ.

ಬಾಪಾ ಲಾರಿ ಓಡಿಸುತ್ತಿದ್ದರು. ಶುಂಠಿ ಹೇರಿಕೊಂಡು ಮೈಸೂರಿನ ಕಡೆಗೆ ಹೋಗುವುದಿತ್ತು. 2009ರ ಜನವರಿಯಲ್ಲಿ ಹಾಗೆ ಹೋಗಿ ಬರುವಾಗ ಗಂಜಾಮಿನ ಒಂದು ತೋಟದ ಪಕ್ಕ ಗಾಡಿ ಕೆಟ್ಟು ನಿಂತಿತಂತೆ. ತೋಟದ ಯಜಮಾನರು ಕುಡಿಯಲು ನೀರು ಕೊಟ್ಟು, ಹೊರಡುವಾಗ ಮೂರು ಅಂಜೂರದ ಕಡ್ಡಿಗಳನ್ನೂ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಬಾಪಾ ಅವನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಸೀಟಿನ ಹಿಂದೆ ಇಟ್ಟು ತಂದರು. ಒಂದೊಂದು ಕಡ್ಡಿಯೂ ಒಂದು ಗೇಣು ಉದ್ದ, ಹೆಬ್ಬೆರಳಿಗಿಂತ ಸ್ವಲ್ಪ ಸಣ್ಣ, ನಾಲ್ಕು ಕಣ್ಣು. ನನ್ನವರು ಗಲ್ಫ್‌ನಲ್ಲಿದ್ದುದರಿಂದ ನಾನು ಮಕ್ಕಳೊಂದಿಗೆ ತವರಿನಲ್ಲೇ ಇದ್ದೆ. ಹಿತ್ತಲಿನ ಉಸ್ತುವಾರಿ ನನ್ನದೇ.

ಮೊದಲ ಕಡ್ಡಿಯನ್ನು ನಾನು ಬಚ್ಚಲ ನೀರು ಹರಿಯುವ ಕಡೆ ನೆಟ್ಟೆ. ಬಾಳೆ, ಕೆಸು ಸೊಕ್ಕಿ ಬೆಳೆಯುವ ಜಾಗ ಅದು. ಬುಡಕ್ಕೆ ಬುಟ್ಟಿಗಟ್ಟಲೆ ಸೆಗಣಿ ಗೊಬ್ಬರ ಹಾಕಿದೆ. ಬೇಸಗೆ ಮುಗಿಯುವುದರೊಳಗೆ ನನ್ನ ಅಂಗೈಗಿಂತ ಅಗಲವಾದ ಎಲೆಗಳು ಬಂದವು. ನನಗೆ ಬಹಳ ಹೆಮ್ಮೆಯಾಯಿತು. ಆಗಸ್ಟ್‌ನಲ್ಲಿ ಎಲೆಗಳೆಲ್ಲ ಜೋತುಬಿದ್ದವು. ಹಿಡಿದು ಎಳೆದರೆ ಗಿಡ ಕೈಗೇ ಬಂತು. ಬೇರು ಕೊಳೆತು ನಾರುತ್ತಿತ್ತು. ಎರಡನೆಯದನ್ನು ಹಳೆಯ ಬಕೆಟಿನಲ್ಲಿ ನೆಟ್ಟು ಸೂರಿನ ಕೆಳಗೆ ಇಟ್ಟಿದ್ದೆ. ಸೂರಿನ ನೀರು ಬಕೆಟಿಗೇ ಬಿದ್ದು ಅದೂ ಹೋಯಿತು.

ಮೂರನೆಯದನ್ನು ಬಾಪಾ ನನಗೆ ಕೊಟ್ಟಿರಲೇ ಇಲ್ಲ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಹಳೆ ಗೋಡೆಯ ಗಾರೆ ಚೂರು ಮತ್ತು ಕಲ್ಲು ಸುರಿದು ಮೊಣಕಾಲೆತ್ತರದ ದಿಬ್ಬ ಮಾಡಿ, ಅದರ ಮೇಲೆ ತಾವೇ ನೆಟ್ಟಿದ್ದರು. ಮಳೆಗಾಲದಲ್ಲಿ ಬುಡದ ಸುತ್ತ ಪ್ಲಾಸ್ಟಿಕ್ ಹೊದಿಸಿ, ನೀರು ದೂರ ಹರಿಯುವಂತೆ ಇಳಿಜಾರಾಗಿ ಕಟ್ಟಿದ್ದರು. ನನ್ನ ಎರಡು ಗಿಡಗಳು ಸತ್ತ ಮೇಲೆ ಅದನ್ನು ತೋರಿಸಿ ಹೇಳಿದರು: “ಕಾಫಿ ಒಣಗುವ ಕಡೆ ಬಿಸಿಲು ಇದ್ದೇ ಇರುತ್ತದೆ. ಈ ಮರಕ್ಕೆ ಬೇಕಾದದ್ದು ಅಷ್ಟೇ. ನೀನು ತಿನ್ನಿಸಿ ತಿನ್ನಿಸಿ ಕೊಂದೆ ಮಗಳೇ.”

ಪ್ರಿಯ ಓದುಗರೇ, ಮಲೆನಾಡಿನಲ್ಲಿ ಅಂಜೂರ ಬೆಳೆಸುವ ಆಸೆ ನಿಮಗಿದ್ದರೆ ಈ ಒಂದು ಮಾತನ್ನು ಮೊದಲು ನೆನಪಿಡಿ. ಇಲ್ಲಿ ಈ ಮರಕ್ಕೆ ನೀರು ಕೊಡುವುದಕ್ಕಿಂತ ನೀರು ತಪ್ಪಿಸುವುದೇ ದೊಡ್ಡ ಆರೈಕೆ. ದಿನಕ್ಕೆ ಆರೇಳು ಗಂಟೆ ಬಿಸಿಲು ಬೀಳುವ ಎತ್ತರದ ಜಾಗ ನೋಡಿ. ನಮ್ಮ ಮಣ್ಣು ಹುಳಿ. ಕಾಫಿಗೆ ಸುಣ್ಣ ಹಾಕುವಂತೆ ಅಂಜೂರದ ಬುಡಕ್ಕೂ ವರ್ಷಕ್ಕೊಮ್ಮೆ ಒಂದೆರಡು ಹಿಡಿ ಸುಣ್ಣ ಹಾಕಿದರೆ ಒಳ್ಳೆಯದು. ಬಾಪಾ ಹಾಕಿದ ಗಾರೆ ಚೂರಿನಲ್ಲೂ ಸುಣ್ಣವಿತ್ತು. ಗೊಬ್ಬರ ಮಿತವಾಗಿರಲಿ. ಹೆಚ್ಚಾದರೆ ಮರ ಎಲೆ ಬಿಡುತ್ತದೆ, ಹಣ್ಣು ಮರೆಯುತ್ತದೆ.

ಮೂರನೇ ವರ್ಷ ನಮ್ಮ ಮರ ಕಾಯಿ ಬಿಟ್ಟಿತು. ಹೂವೇ ಕಾಣದೆ ಕಾಯಿ ಬಂದದ್ದು ನೋಡಿ ಉಮ್ಮನಿಗೆ ಆಶ್ಚರ್ಯವೋ ಆಶ್ಚರ್ಯ. ಹೂವು ಇಲ್ಲದೆ ಇಲ್ಲ, ಒಳಗಿದೆ. ನಾವು ಹಣ್ಣು ಎನ್ನುವುದು ನೂರಾರು ಪುಟ್ಟ ಹೂಗಳನ್ನು ಒಳಗೆ ಮುಚ್ಚಿಟ್ಟುಕೊಂಡ ಒಂದು ಚೀಲ. ಕಾಡಿನ ಅಂಜೂರಕ್ಕೂ ನಮ್ಮ ಅತ್ತಿಗೂ ತುದಿಯ ಸಣ್ಣ ಕಣ್ಣಿನ ಮೂಲಕ ಒಂದು ಜಾತಿಯ ಕಿರು ಕಣಜ ಒಳಹೊಕ್ಕು ಪರಾಗ ಮುಟ್ಟಿಸಬೇಕು. ಅತ್ತಿ ಹಣ್ಣನ್ನು ಬಿಡಿಸಿದರೆ ಹುಳ ಕಾಣುವುದು ಅದಕ್ಕೇ. ನಾವು ಮನೆಯಲ್ಲಿ ಬೆಳೆಸುವ ಸಾಮಾನ್ಯ ಅಂಜೂರಕ್ಕೆ ಆ ಕಣಜ ಬೇಡ. ಪರಾಗವಿಲ್ಲದೆಯೇ ಹಣ್ಣಾಗುತ್ತದೆ. “ಅಂಜೂರದೊಳಗೆ ಹುಳು ಇರುತ್ತದಂತೆ, ತಿನ್ನಬಹುದಾ?” ಎಂದು ಹಲವು ಸಹೋದರಿಯರು ನನ್ನನ್ನು ಕೇಳಿದ್ದಾರೆ. ಹಿತ್ತಲಿನ ಹಣ್ಣಿನ ಬಗ್ಗೆ ಆ ಚಿಂತೆ ಬೇಡ. ತುದಿಯ ಕಣ್ಣಿನಿಂದ ಇರುವೆ ಹೊಕ್ಕಿದೆಯೇ ಎಂದು ಸೀಳಿ ನೋಡಿದರೆ ಸಾಕು.

ಆದರೆ ನಮ್ಮ ಮೊದಲ ಹಣ್ಣುಗಳು ಬಾಯಿಗಿಡುವ ಹಾಗಿರಲಿಲ್ಲ. ಜುಲೈ ಮಳೆಯಲ್ಲಿ ನೀರು ಕುಡಿದು ಊದಿ, ಬಾಯಿ ಬಿಟ್ಟು, ಹುಳಿ ವಾಸನೆ ಬರುತ್ತಿತ್ತು. ಬಾಪಾ ಮುಂದಿನ ಸಲ ಆ ಕಡೆ ಹೋದಾಗ ಕೇಳಿಕೊಂಡು ಬಂದರು. ದಖನ್ನಿನಲ್ಲಿ ಅಂಜೂರಕ್ಕೆ ಎರಡು ಫಸಲು. ಮಳೆಗಾಲದ್ದು ಖಟ್ಟಾ ಬಹಾರ್, ಬೇಸಗೆಯದ್ದು ಮೀಠಾ ಬಹಾರ್. ನಮಗೆ ಬೇಕಾದದ್ದು ಎರಡನೆಯದು. ಹಾಗಾಗಿ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್‌ನಲ್ಲಿ ಗೆಲ್ಲುಗಳನ್ನು ಕತ್ತರಿಸಬೇಕು. ಹೊಸ ಚಿಗುರು ಬಂದು ಅದರ ಎಲೆಯ ಬುಡದಲ್ಲಿ ಕಾಯಿ ಕಟ್ಟುತ್ತದೆ. ಫೆಬ್ರವರಿಯ ಕೊನೆಯಿಂದ ಮೇವರೆಗೆ, ಮುಂಗಾರಿಗೆ ಮೊದಲೇ ಹಣ್ಣು ಕೈಗೆ ಬರುತ್ತದೆ. ಆ ದಿನಗಳಲ್ಲಿ ಮಾತ್ರ ಬುಡಕ್ಕೆ ಹದವಾಗಿ ನೀರು ಬೇಕು. ಒಣಗಿಸಿ ಒಮ್ಮೆಲೇ ಸುರಿದರೆ ಹಣ್ಣು ಸೀಳುತ್ತದೆ. ಮಾರ್ಚ್‌ನಲ್ಲಿ ಊರಿಗೆ ಊರೇ ಕಾಫಿಗೆ ಹೂಮಳೆ ಬರಲೆಂದು ಕಾಯುವಾಗ, ಇನ್ನೊಂದೆರಡು ದಿನ ತಡವಾಗಿ ಬರಲಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳುವವಳು ಬಹುಶಃ ನಾನೊಬ್ಬಳೇ.

ಅದೇ ಕ್ರಮ ಹಿಡಿದ ಮೇಲೆ 2013ರ ಬೇಸಗೆಯಲ್ಲಿ ಸಿಹಿ ಹಣ್ಣು ಸಿಕ್ಕಿತು. ಬಾಪಾ ಒಂದನ್ನು ಎರಡು ಹೋಳು ಮಾಡಿ ಅರ್ಧ ಉಮ್ಮನಿಗೆ, ಅರ್ಧ ನನಗೆ ಕೊಟ್ಟರು. ಮರುವರ್ಷ ಮಳೆಗಾಲ ಮುಗಿಯುವ ಮೊದಲೇ ಅವರು ಅಲ್ಲಾಹನ ಕರೆಗೆ ಓಗೊಟ್ಟರು.

ಇಲ್ಲಿಯವರೆಗೆ ನಾನು ಮರದ ಕಥೆ ಹೇಳಿದೆ. ಇನ್ನು ನನ್ನ ಕಥೆ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಬಾಪಾ ಹೋದ ಮೇಲೆ ಆ ಮರ ನನಗೆ ಬರೀ ಮರವಾಗಿ ಉಳಿಯಲಿಲ್ಲ. ಬೆಳಿಗ್ಗೆ ಎದ್ದು ಮೊದಲು ಅದರ ಬಳಿ ಹೋಗುತ್ತಿದ್ದೆ. ಮಕ್ಕಳು ಎಲೆ ಮುಟ್ಟಿದರೂ ಗದರುತ್ತಿದ್ದೆ. 2015ರ ಅಕ್ಟೋಬರ್‌ನಲ್ಲಿ ಗೆಲ್ಲು ಕತ್ತರಿಸಿ ಕಣದಲ್ಲಿ ರಾಶಿ ಹಾಕಿದ್ದೆ. ಮೇಲಿನ ಗೌಡರ ಮನೆಯ ಅಕ್ಕ ಹಾಲು ಕೊಡಲು ಬಂದವರು ನೋಡಿ, “ನಂಗೂ ಎರಡು ಕಡ್ಡಿ ಕೊಡು ಮಾರಾಯ್ತಿ, ಮೊಮ್ಮಗಳಿಗೆ ಆಸೆ” ಎಂದರು. “ಈಗ ನೆಡುವ ಕಾಲ ಅಲ್ಲ ಅಕ್ಕ, ಹತ್ತುವುದಿಲ್ಲ” ಎಂದೆ. ಶುದ್ಧ ಸುಳ್ಳು. ಕಡ್ಡಿ ನೆಡಲು ಅದಕ್ಕಿಂತ ಒಳ್ಳೆಯ ಕಾಲವೇ ಇಲ್ಲ. ಬಾಪಾನ ಮರ ಬೇರೆಯವರ ಅಂಗಳದಲ್ಲಿ ಇರುವುದು ನನಗೆ ಬೇಡವಾಗಿತ್ತು, ಅಷ್ಟೇ. ಅಕ್ಕ ಸುಮ್ಮನೆ ಹೋದರು. ನಾನು ಆ ರಾಶಿಯನ್ನು ಬಚ್ಚಲೊಲೆಗೆ ಹಾಕಿದೆ. ಹಸಿ ಕಡ್ಡಿ ಹಾಲು ಕಾರುತ್ತಾ ಹೊಗೆಯಾಡಿತು.

ಉಮ್ಮ ಎಲ್ಲವನ್ನೂ ನೋಡಿದ್ದರು. ರಾತ್ರಿ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ ಕೇಳಿದರು: “ನಿನ್ನ ಬಾಪಾ ಅದನ್ನು ದುಡ್ಡು ಕೊಟ್ಟು ತಂದದ್ದಾ?”

ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಗುರುತಿಲ್ಲದ ಒಬ್ಬ ಲಾರಿ ಚಾಲಕನಿಗೆ ಗುರುತಿಲ್ಲದ ಒಬ್ಬ ರೈತ ಮೂರು ಕಡ್ಡಿ ಕೊಟ್ಟದ್ದರಿಂದಲೇ ಅಲ್ಲವೇ ನಮ್ಮ ಕಣದಲ್ಲಿ ಮರ ಎದ್ದದ್ದು? ನೆಟ್ಟ ಗಿಡದಿಂದ ಮನುಷ್ಯ ತಿಂದರೂ ಹಕ್ಕಿ ತಿಂದರೂ ಪ್ರಾಣಿ ತಿಂದರೂ ನೆಟ್ಟವನಿಗೆ ಅದು ಸದಕಾ ಆಗುತ್ತದೆಂದು ಪ್ರವಾದಿಯವರು(ಸ) ಕಲಿಸಿದ್ದನ್ನು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಬಾಪಾನಿಗೆ ಸಿಗಬೇಕಾದ ಸದಕಾವನ್ನು ನಾನು ಬಚ್ಚಲೊಲೆಗೆ ಹಾಕಿದ್ದೆ.

ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಅಕ್ಕ ಕೇಳಲಿಲ್ಲ. ನಾನೇ ನಾಲ್ಕು ಕಡ್ಡಿ ಆರಿಸಿ, ಒದ್ದೆ ಬಟ್ಟೆ ಸುತ್ತಿ, ಗುಡ್ಡ ಹತ್ತಿ ಕೊಟ್ಟು ಬಂದೆ. ಅವರು ನಕ್ಕು, ಕಾಫಿ ಕೊಟ್ಟು ಕಳಿಸಿದರು. ಹಿಂದಿನ ವರ್ಷದ ಮಾತು ಎತ್ತಲಿಲ್ಲ.

2019ರ ಆಗಸ್ಟ್ ತಿಂಗಳನ್ನು ಮೂಡಿಗೆರೆ ತಾಲೂಕಿನ ಯಾರೂ ಮರೆಯುವುದಿಲ್ಲ. ಆಶ್ಲೇಷಾ ಮಳೆ ಹಗಲು ರಾತ್ರಿ ಸುರಿಯಿತು. ಚಾರ್ಮಾಡಿ ಘಾಟಿಯಲ್ಲಿ ಅಲ್ಲಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ತಾಲೂಕಿನ ಹಲವು ಕುಟುಂಬಗಳು ಮನೆ, ತೋಟ ಎರಡನ್ನೂ ಕಳೆದುಕೊಂಡವು. ಅವರ ಮುಂದೆ ನಮ್ಮ ನಷ್ಟ ಏನೂ ಅಲ್ಲ. ಒಂದು ಬೆಳಗಿನ ಜಾವ ಕಣದ ಹಿಂದಿನ ಧರೆ ಜರಿದು ಬಿತ್ತು. ಮನೆಗೆ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಬೆಳಕಾದ ಮೇಲೆ ನೋಡಿದರೆ ಕಣದ ಅರ್ಧ ಭಾಗ ಕೆಂಪು ಮಣ್ಣಿನ ಗುಡ್ಡೆಯಾಗಿತ್ತು. ಅಂಜೂರದ ಒಂದು ಎಲೆಯೂ ಕಾಣಲಿಲ್ಲ. ಜನ ಮನೆಗಳನ್ನೇ ಕಳೆದುಕೊಂಡಿರುವಾಗ ಒಂದು ಮರಕ್ಕಾಗಿ ಅಳುವುದು ಸರಿಯಲ್ಲವೆಂದು ಗೊತ್ತಿತ್ತು. ಅಡಿಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಮಳೆ ನಿಂತು, ಅಕ್ಟೋಬರ್ ಬಂತು. ಒಂದು ಸಂಜೆ ಗೌಡರ ಮನೆಯ ಅಕ್ಕ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಬಿಚ್ಚಿದರೆ ಅಂಜೂರದ ನಾಲ್ಕು ಕಡ್ಡಿ. “ಆವತ್ತು ಕಾಲ ಅಲ್ಲ ಅಂದಿದ್ದಿಯಲ್ಲ, ಈಗ ಕಾಲ ಬಂತು ನೋಡು. ನೆಡು” ಎಂದರು. ಅವರಿಗೆ ನನ್ನ ಸುಳ್ಳು ಆ ದಿನವೇ ತಿಳಿದಿತ್ತೋ ಇಲ್ಲವೋ, ನಾನು ಇವತ್ತಿನವರೆಗೂ ಕೇಳಿಲ್ಲ. ಅವರ ಕೈ ಹಿಡಿದುಕೊಂಡು ನಿಂತೆ. ಆ ಕಡ್ಡಿಗಳನ್ನು ಅವರಿಗೆ ಕೊಡದೆ ಸುಟ್ಟಿದ್ದರೆ ಬಾಪಾನ ಮರ ಈ ಭೂಮಿಯ ಮೇಲೆ ಎಲ್ಲೂ ಇರುತ್ತಿರಲಿಲ್ಲ.

ಅಂಜೂರದ ಸ್ವಭಾವವೇ ಅಂಥದ್ದು. ಪರಾಗವಿಲ್ಲದೆ ಆದ ಹಣ್ಣಿನ ಬೀಜ ಟೊಳ್ಳು, ಮೊಳೆಯುವುದಿಲ್ಲ. ಕೈಯಿಂದ ಕೈಗೆ ಕಡ್ಡಿ ಹೋದರೆ ಮಾತ್ರ ಆ ಮರದ ವಂಶ ಮುಂದುವರಿಯುತ್ತದೆ. ಜೋರ್ಡಾನ್ ಕಣಿವೆಯ ಗಿಲ್ಗಾಲ್ ಎಂಬಲ್ಲಿ ಸುಮಾರು 11,400 ವರ್ಷ ಹಳೆಯ, ಸುಟ್ಟು ಕರಕಾದ ಅಂಜೂರದ ಹಣ್ಣುಗಳು ಸಿಕ್ಕಿದ್ದನ್ನು 2006ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅವು ಮೊಳೆಯದ ಬೀಜದ ಹಣ್ಣುಗಳು, ಆದ್ದರಿಂದ ಮನುಷ್ಯರೇ ಕಡ್ಡಿ ನೆಟ್ಟು ಬೆಳೆಸಿರಬೇಕು ಎಂಬುದು ಅವರ ವಾದ. ಅದು ಸರಿಯಾದರೆ ಭತ್ತ, ಗೋಧಿ ಬೆಳೆಯುವುದನ್ನು ಕಲಿಯುವ ಮೊದಲೇ ಮನುಷ್ಯ ಅಂಜೂರದ ಕಡ್ಡಿ ನೆಡುವುದನ್ನು ಕಲಿತಿದ್ದ ಎಂದಾಗುತ್ತದೆ. ಆ ಮೊದಲ ಕಡ್ಡಿಯನ್ನು ಯಾರು ಯಾರಿಗೆ ಕೊಟ್ಟರೋ!

ಈ ಸಲ ನಾನು ನೆಲವನ್ನು ನಂಬಲಿಲ್ಲ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿ, ತಳಕ್ಕೆ ಏಳೆಂಟು ತೂತು ಕೊರೆದು, ಇಟ್ಟಿಗೆಗಳ ಮೇಲೆ ಕೂರಿಸಿದೆ. ಕೆಂಪು ಮಣ್ಣು, ಮರಳು, ಹಳೆಯ ಗೊಬ್ಬರ ಸಮಪಾಲು. ಕಡ್ಡಿಯ ಎರಡು ಕಣ್ಣು ಮಣ್ಣಿನೊಳಗೆ, ಎರಡು ಹೊರಗೆ. ಒಂದೆರಡು ತಿಂಗಳಲ್ಲಿ ಬೇರು ಬರುತ್ತದೆ. ಅಲ್ಲಿಯವರೆಗೆ ನೆರಳು, ಆಮೇಲೆ ಬಿಸಿಲು. ಜೂನ್ ಮೊದಲ ವಾರ ಡ್ರಮ್ಮುಗಳನ್ನು ಕಾಫಿ ಚೀಲ ಇಡುವ ಶೆಡ್ಡಿನ ಶೀಟಿನ ಕೆಳಗೆ ಎಳೆಯುತ್ತೇವೆ. ಅಲ್ಲಿ ಎಲೆ ಉದುರಿಸಿದರೂ ಗಾಬರಿಯಿಲ್ಲ. ಅಕ್ಟೋಬರ್‌ನಲ್ಲಿ ಮತ್ತೆ ಹೊರಗೆ.

ತೇವದ ಗಾಳಿಗೆ ಎಲೆಯ ಅಡಿಯಲ್ಲಿ ತುಕ್ಕಿನಂಥ ಕಂದು ಚುಕ್ಕೆ ಬರುತ್ತದೆ. ಉದುರಿದ ಎಲೆ ಗುಡಿಸಿ ಸುಡಿ. ಅಡಿಕೆಗೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣ ಇದಕ್ಕೂ ಆಗುತ್ತದೆ. 10 ಲೀಟರ್ ನೀರಿಗೆ ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ ಆಮೇಲೆ ಬೆರೆಸಿ. ಹಣ್ಣಿರುವಾಗ ಹೊಡೆಯಬೇಡಿ. ಕಾಂಡದಲ್ಲಿ ತೂತು, ಬುಡದಲ್ಲಿ ಮರದ ಪುಡಿ ಕಂಡರೆ ಕಾಂಡ ಕೊರಕ ಹೊಕ್ಕಿದೆ ಎಂದೇ ತಿಳಿಯಿರಿ. ಕಾಫಿ ಬೆಳೆಗಾರರಿಗೆ ಇದರಂಥ ಹುಳುವಿನ ಕಾಟ ಗೊತ್ತೇ ಇದೆ. ತೆಳು ತಂತಿ ತೂರಿಸಿ ಹುಳುವನ್ನು ಕೊಲ್ಲಿ. ಗೆಲ್ಲು ಕತ್ತರಿಸುವಾಗ ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಅದರ ಹಾಲು ಮೈಗೆ ತಾಗಿ ಬಿಸಿಲು ಬಿದ್ದರೆ ಚರ್ಮ ಬೊಬ್ಬೆ ಬರುತ್ತದೆ. ಮಂಗ, ಪಿಕಳಾರ, ಬಾವಲಿಗಳಿಂದ ಉಳಿಸಲು ಹಣ್ಣಿಗೆ ಹಳೆಯ ಬಟ್ಟೆಯ ಚೀಲ ಕಟ್ಟಿ. ಎಲ್ಲಕ್ಕೂ ಕಟ್ಟಬೇಡಿ, ಅವಕ್ಕೂ ಪಾಲಿದೆ.

ಹಣ್ಣು ಮೆತ್ತಗಾಗಿ ಕತ್ತು ಬಾಗಿಸಿದಾಗಲೇ ಕೀಳಬೇಕು. ಕಾಯಿ ಕಿತ್ತು ಹಣ್ಣು ಮಾಡುತ್ತೇನೆಂದರೆ ಆಗುವುದಿಲ್ಲ. ಕಿತ್ತ ಹಣ್ಣು ಒಂದೆರಡು ದಿನಕ್ಕಿಂತ ಹೆಚ್ಚು ಬಾಳುವುದೂ ಇಲ್ಲ. ಅದನ್ನು ಕೂಡಿಡಲು ಬರುವುದಿಲ್ಲ, ಹಂಚಲೇಬೇಕು. ಇನ್ನೊಂದು ಮಾತು. ಅಂಜೂರದಲ್ಲಿ ನಾರಿನಂಶವಿದೆ, ಸುಣ್ಣದಂಶವಿದೆ, ಮಲಬದ್ಧತೆಗೆ ಒಳ್ಳೆಯದು. ಆದರೆ ಅದು ಔಷಧಿಯಲ್ಲ. ಒಣಗಿದ ಅಂಜೂರದ ತೂಕದಲ್ಲಿ ಸುಮಾರು ಅರ್ಧದಷ್ಟು ಸಕ್ಕರೆಯೇ. ಉಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಅವರಿಗೆ ಹಸಿ ಹಣ್ಣು ಒಂದೇ ಒಂದು.

2022ರ ರಮಝಾನ್ ಏಪ್ರಿಲ್‌ನಲ್ಲಿ ಬಂತು. ಮರಳಿ ಬಂದ ಕಡ್ಡಿಯ ಮೊದಲ ಫಸಲು ಆಗ ಹಣ್ಣಾಯಿತು. ಒಂಬತ್ತು ಹಣ್ಣು. ಇಫ್ತಾರಿಗೆ ಮೊದಲು ನಾಲ್ಕನ್ನು ತಟ್ಟೆಯಲ್ಲಿಟ್ಟು ಮಗನ ಕೈಯಲ್ಲಿ ಗೌಡರ ಮನೆಗೆ ಕಳಿಸಿದೆ. ಉಳಿದದ್ದನ್ನು ನಾವು ಹೋಳು ಮಾಡಿಕೊಂಡೆವು. ಉಮ್ಮ ತಮ್ಮ ಹೋಳನ್ನು ಬಾಯಿಗಿಡುವ ಮೊದಲು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ದುಆ ಮಾಡುತ್ತಿದ್ದರೆಂದು ಕಾಣುತ್ತದೆ.

ಅಂದಿನಿಂದ ಪ್ರತಿ ಅಕ್ಟೋಬರ್‌ನಲ್ಲಿ ನಮ್ಮ ಕಣದಲ್ಲಿ ಕಡ್ಡಿಗಳ ಒಂದು ಕಟ್ಟು ಒದ್ದೆ ಗೋಣಿಯಲ್ಲಿ ಕಾಯುತ್ತಿರುತ್ತದೆ. ಬಚ್ಚಲೊಲೆಗೆ ಒಂದೂ ಹೋಗುವುದಿಲ್ಲ. ನಿಮ್ಮ ಹಿತ್ತಲಿನಲ್ಲೂ ಅಂಥದ್ದೊಂದು ಇರಬಹುದು, ತವರಿನಿಂದ ತಂದ ಮಲ್ಲಿಗೆಯೋ, ಅತ್ತೆ ನೆಟ್ಟ ನಿಂಬೆಯೋ. ಅದು ಉಳಿಯಬೇಕೆಂದಿದ್ದರೆ ಬೇಲಿ ಎತ್ತರ ಮಾಡಬೇಡಿ. ಈ ಮಳೆಗಾಲ ಮುಗಿದ ಮೇಲೆ ಒಂದು ಗೆಲ್ಲು ಕತ್ತರಿಸಿ ಪಕ್ಕದ ಮನೆಗೆ ಕೊಟ್ಟು ಬನ್ನಿ. ಯಾರಾದರೂ ಬಾಯಿಬಿಟ್ಟು ಕೇಳಿದರೆ, ಈಗ ಕಾಲ ಅಲ್ಲ ಎಂದು ಮಾತ್ರ ಹೇಳಬೇಡಿ.